ಕೈಚಕ್ರದ ಆಟ

ಹಳೆಯ ಕಾರನ್ನು ಸಾಕುವುದು ಮನೆಯ ಹಿರಿಯರನ್ನು ನೋಡಿಕೊಂಡಂತೆ. ಕೆಮ್ಮನ್ನೂ ನರಳಾಟವನ್ನೂ ಸಹಿಸಬಹುದು. ನಡೆ ತಪ್ಪಿದರೆ ಮಾತ್ರ ಸುಮ್ಮನಿರಲಾಗದು. ಎಂಜಿನು ಕೆಟ್ಟರೆ ಕಾರು ನಿಲ್ಲುತ್ತದೆ. ಸ್ಟಿಯರಿಂಗು ಸಡಿಲಾದರೆ ಕಾರು ಓಡುತ್ತಲೇ ಇರುತ್ತದೆ, ಆದರೆ ಹೇಳಿದ ಕಡೆಗಲ್ಲ.

ಕೈಚಕ್ರವನ್ನು ಎರಡಂಗುಲ ತಿರುಗಿಸಿದರೂ ಮುಂದಿನ ಗಾಲಿಗಳು ಕದಲದಿದ್ದರೆ ಮೆಕ್ಯಾನಿಕರು ಅದನ್ನು ‘ಪ್ಲೇ’ ಎನ್ನುತ್ತಾರೆ. ಹೆಸರಿಗೆ ಆಟ, ಹಿಂದಿನ ಸೀಟಿನಲ್ಲಿ ಮಕ್ಕಳು ಕುಳಿತಿದ್ದು, ತಿರುವಿನಲ್ಲಿ ಲಾರಿ ಎದುರಾದಾಗ ಅದು ಆಟವಲ್ಲ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಬಳಿ, ಲಾಂಗ್‌ಬ್ರಿಜ್ ಕಾರ್ಖಾನೆಯಲ್ಲಿ 1922ರಿಂದ 1939ರವರೆಗೆ ತಯಾರಾದ ಆಸ್ಟಿನ್ ಸೆವೆನ್ ಎಂಬ ಪುಟ್ಟ ಕಾರನ್ನೇ ನೋಡಬಹುದು. ಅದರ ಸ್ಟಿಯರಿಂಗ್ ಪೆಟ್ಟಿಗೆಯೊಳಗೆ ತಿರುಪಿನಂಥ ಒಂದು ವರ್ಮ್, ಅದಕ್ಕೆ ಕಚ್ಚಿಕೊಂಡ ಒಂದು ಹಲ್ಲುಚಕ್ರ. ಸಡಿಲು ಕಂಡೊಡನೆ ಅವಸರದ ಯಜಮಾನನ ಕೈ ಆ ಪೆಟ್ಟಿಗೆಯನ್ನು ಬಿಗಿಮಾಡಲು ಹೋಗುತ್ತದೆ. ಜಾಣನಾದವನು ಮೊದಲು ಅಲ್ಲಿಗೆ ಹೋಗನು.

ಅವನು ಮಗನನ್ನು ಒಳಗೆ ಕೂರಿಸಿ ಕೈಚಕ್ರವನ್ನು ಅತ್ತಿತ್ತ ಅಲುಗಿಸಲು ಹೇಳುತ್ತಾನೆ. ತಾನು ಕೆಳಗೆ ಬಗ್ಗಿ ಒಂದೊಂದು ಕೀಲಿನ ಮೇಲೂ ಬೆರಳಿಟ್ಟು ನೋಡುತ್ತಾನೆ. ಪೆಟ್ಟಿಗೆಯನ್ನು ಚಾಸಿಗೆ ಬಿಗಿದ ಬೋಲ್ಟುಗಳು, ಸರಳುಗಳ ತುದಿಯ ಬಾಲ್ ಜಾಯಿಂಟುಗಳು—ಒಂದು ಭಾಗ ಕದಲಿದರೂ ಅದರ ಮುಂದಿನದು ತಡವಾಗಿ ಕದಲಿದರೆ ರೋಗ ಅಲ್ಲಿದೆ. ಬಳಿಕ ಮುಂದಿನ ಗಾಲಿಯನ್ನು ಜಾಕಿನಿಂದ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲುಗಿಸುತ್ತಾನೆ. ಆ ಗಾಲಿಯ ಬ್ರೇಕು ಹಿಡಿಸಿದಾಗ ಅಲುಗಾಟ ನಿಂತರೆ ದೋಷ ಬೇರಿಂಗಿನದು, ನಿಲ್ಲದಿದ್ದರೆ ಕಿಂಗ್‌ಪಿನ್ನಿನದು. ನಾಲ್ಕು ಕಡೆಯ ಕಾಲಾಣೆ ಸಡಿಲು ಸೇರಿ ಕೈಚಕ್ರದಲ್ಲಿ ಒಂದಾಣೆಯಾಗಿರುವುದೂ ಉಂಟು.

ಇವೆಲ್ಲ ಸರಿಯಾದ ಮೇಲೆಯೇ ಪೆಟ್ಟಿಗೆಯ ಸರದಿ. ಕಾರು ಬಹುಪಾಲು ನೇರವಾಗಿಯೇ ಓಡುವುದರಿಂದ ನಡುವಣ ಹಲ್ಲುಗಳೇ ಹೆಚ್ಚು ಸವೆದಿರುತ್ತವೆ. ಆ ಸವೆತಕ್ಕೆ ತಕ್ಕಂತೆ ಬಿಗಿಮಾಡಿದರೆ, ಪೂರ್ತಿ ತಿರುಗಿಸಿದಾಗ ಸವೆಯದ ಹಲ್ಲುಗಳು ಹಿಡಿದುಕೊಂಡುಬಿಡುತ್ತವೆ. ತಿರುವು ದಾಟಿದರೂ ಕೈಚಕ್ರ ತಾನಾಗಿ ಮರಳದು. ಸಡಿಲಿಗಿಂತ ಈ ಬಿಗಿತ ಭಯಂಕರ. ಆದ್ದರಿಂದ ಬಿಗಿಮಾಡಿದ ಪ್ರತಿಸಲವೂ ಮುಂದಿನ ಗಾಲಿಗಳನ್ನು ನೆಲದಿಂದೆತ್ತಿ, ಈ ಕೊನೆಯಿಂದ ಆ ಕೊನೆಯವರೆಗೆ ತಿರುಗಿಸಿ ನೋಡಬೇಕು.

ಆಸ್ಟಿನ್ ಸೆವೆನ್ನಿನಲ್ಲಿ ಇದಕ್ಕೊಂದು ಸೊಗಸಾದ ಪರಿಹಾರವಿದೆ. ಅದರ ಹಲ್ಲುಚಕ್ರ ಪೂರ್ಣ ವೃತ್ತ. ದುಡಿಯುವುದು ಅದರ ಒಂದು ಪಾಲು ಮಾತ್ರ. ಬಿಚ್ಚಿ, ತಿರುಗಿಸಿ ಕೂರಿಸಿದರೆ ಇಷ್ಟು ವರ್ಷ ಕೆಲಸವಿಲ್ಲದೆ ಕಾದಿದ್ದ ಹಲ್ಲುಗಳು ಮುಂದೆ ಬರುತ್ತವೆ.

ಇಷ್ಟಾದರೂ ಎಳ್ಳಷ್ಟು ಸಡಿಲು ಉಳಿಯುತ್ತದೆ, ಉಳಿಯಲೂ ಬೇಕು. ಎಡೆಯೇ ಇಲ್ಲದ ಕೀಲು ತಿರುಗದು. ಸಂಸಾರ ನಡೆಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.