ಒಡೆದ ತಟ್ಟೆಯ ಗಾನ

ಸಂಗೀತವೆಂದೊಡನೆ ನಮ್ಮ ಮನಸ್ಸಿಗೆ ತೋರುವುವು ಶ್ರುತಿ, ಲಯ, ಮಾಧುರ್ಯಗಳೆಂಬ ಮೂರು ಗುಣಗಳು. ಶಾಲೆಯ ಹಾರ್ಮೋನಿಯಮ್ಮಿನ ಬಳಿ ನಿಂತು, ಎರಡು ಮೂರು ಸ್ವರಭಾಗಗಳಲ್ಲಿ ಕೀರ್ತನೆಗಳನ್ನು ಹಾಡಲು ಕಲಿತ ನಮಗೆ ಒಂದು ಸ್ವರ ಜಾರಿದರೂ ಕಿವಿಗೆ ಹಿತವಾಗದು. ಹೀಗಿರಲು, ಗ್ರಾಮಫೋನು ತಟ್ಟೆಗಳನ್ನು ಬೇಕೆಂದೇ ಗೀರಿ, ಸುಟ್ಟು, ಒಡೆದು, ಅಂಟಿಸಿ, ಅವುಗಳಿಂದ ಹೊರಡುವ ಶಬ್ದವನ್ನೇ ಸಂಗೀತವೆಂದು ಕರೆದವರು ಉಂಟೆಂದರೆ ವಾಚಕರು ನಗಬಹುದು. ನಗುವುದಕ್ಕೆ ಮೊದಲು ವಿಷಯವನ್ನು ಸ್ವಲ್ಪ ವಿಚಾರಿಸಿ ನೋಡಬೇಕೆಂಬುದೇ ನಮ್ಮ ಬಿನ್ನಹ.

ತಟ್ಟೆಯ ಮುಖದ ಮೇಲೆ ಹೊರ ಅಂಚಿನಿಂದ ನಡುವಿನ ಕಡೆಗೆ ಸುರುಳಿಯಾಗಿ ಸಾಗುವ ಒಂದು ಸಣ್ಣ ಕಾಲುವೆಯುಂಟು. ಹಾಡಿದವರ ಧ್ವನಿಗೆ ತಕ್ಕಂತೆ ಅದರ ಬದಿಗಳು ಅಂಕುಡೊಂಕಾಗಿವೆ. ಮುಳ್ಳು ಅದರೊಳಗೆ ಸಾಗುವಾಗ ನಡುಗುತ್ತದೆ. ಆ ನಡುಕವೇ ಧ್ವನಿಯಾಗಿ ನಮಗೆ ಕೇಳಿಸುತ್ತದೆ. ಗಾನವಾವುದು, ಗಾಯವಾವುದು ಎಂಬ ಭೇದವನ್ನು ಮುಳ್ಳು ಅರಿಯದು. ಎದುರಿಗೆ ಬಂದುದನ್ನೆಲ್ಲ ನುಡಿಯುತ್ತದೆ. ನಮ್ಮ ಅಜ್ಜಂದಿರ ಕಾಲದ ತಟ್ಟೆಗಳಲ್ಲಿ ಅರಗು ಸೇರಿರುತ್ತಿತ್ತು. ಆ ಅರಗು ನಮ್ಮ ದೇಶದ ಮುತ್ತುಗ, ಬೋರೆ ಮೊದಲಾದ ಮರಗಳ ಕೊಂಬೆಗಳಲ್ಲಿ ಕೀಟಗಳು ಕಟ್ಟುವ ವಸ್ತು. ಅಂತಹ ತಟ್ಟೆ ಕೈ ಜಾರಿದರೆ ಚೂರಾಗುತ್ತಿತ್ತು. 1948ರಲ್ಲಿ ಅಮೆರಿಕದ ಕೊಲಂಬಿಯ ಕಂಪನಿಯವರು ನಿಮಿಷಕ್ಕೆ 33⅓ ಸುತ್ತು ತಿರುಗುವ ವಿನೈಲ್ ತಟ್ಟೆಗಳನ್ನು ಹೊರತಂದರು. ಇವು ಸುಲಭವಾಗಿ ಒಡೆಯವು. ಆದರೆ ಬೇಗನೆ ಗೀರು ಬೀಳುತ್ತವೆ, ಬಿಸಿಲಿಗೆ ಸೊಟ್ಟಗಾಗುತ್ತವೆ.

ಇಂತಹ ತಟ್ಟೆಗಳನ್ನು ಕೆಡಿಸಿ ಹೊಸದನ್ನು ಕಟ್ಟಲು ಹೊರಟವರಲ್ಲಿ ಮುಖ್ಯರು ಚೆಕ್ ದೇಶದ ಕಲಾವಿದ ಮಿಲಾನ್ ಕ್ನೀಝಾಕ್. ಇವರು 1940ರಲ್ಲಿ ಪಿಲ್ಸೆನ್ ನಗರದಲ್ಲಿ ಜನಿಸಿದರು. 1963–64ರ ಸುಮಾರಿಗೆ ತಟ್ಟೆಗಳನ್ನು ಅತಿ ನಿಧಾನವಾಗಿಯೂ ಅತಿ ವೇಗವಾಗಿಯೂ ತಿರುಗಿಸಿ, ಹಳೆಯ ಹಾಡಿನಿಂದಲೇ ಬೇರೆಯ ಹಾಡನ್ನು ಹೊರಡಿಸುತ್ತಿದ್ದರು. 1965ರಿಂದ ಮುಂದೆ ಅವುಗಳನ್ನು ಗೀರಿದರು, ತೂತು ಕೊರೆದರು, ಸುಟ್ಟರು, ಬಣ್ಣ ಬಳಿದರು. ಬೇರೆ ಬೇರೆ ತಟ್ಟೆಗಳ ತುಂಡುಗಳನ್ನು ಕೂಡಿಸಿ ಒಂದೇ ತಟ್ಟೆಯಾಗಿ ಅಂಟಿಸಿದರು. ಈ ಕೆಲಸದಿಂದ ಆಯ್ದ ಭಾಗಗಳು ‘ಬ್ರೋಕನ್ ಮ್ಯೂಸಿಕ್’ ಎಂಬ ಹೆಸರಿನಿಂದ 1979ರಲ್ಲಿ ಇಟಲಿಯಲ್ಲಿ ಪ್ರಕಟವಾದವು. ತಟ್ಟೆ ಒಡೆದವರೆಂದು ಇವರನ್ನು ಲಘುವಾಗಿ ಎಣಿಸಲಾಗದು. ಮುಂದೆ ಇವರು ಪ್ರಾಗ್ ನಗರದ ಲಲಿತಕಲಾ ಅಕಾಡೆಮಿಗೆ ಮುಖ್ಯಸ್ಥರಾದರು.

ಒಂದೊಂದು ಗಾಯಕ್ಕೂ ಒಂದೊಂದು ಧ್ವನಿಯುಂಟು. ಕಾಲುವೆಗಳನ್ನು ಅಡ್ಡವಾಗಿ ಕತ್ತರಿಸಿದ ಗೀರು ಪ್ರತಿ ಸುತ್ತಿಗೆ ಒಮ್ಮೆ, ಎಂದರೆ 1.8 ಸೆಕೆಂಡಿಗೊಮ್ಮೆ, ಟಕ್ಕೆಂದು ನುಡಿದು ತಾನೇ ತಾಳವಾಗುತ್ತದೆ. ಗೀರು ಆಳವಾಗಿದ್ದರೆ ಮುಳ್ಳು ಹಿಂದಕ್ಕೆ ಹಾರಿ, ಒಂದೇ ನುಡಿಯನ್ನು ಯಾರಾದರೂ ಎತ್ತುವ ತನಕ ಜಪಿಸುತ್ತಿರುತ್ತದೆ. ಎರಡು ತಟ್ಟೆಗಳ ಅರ್ಧಗಳನ್ನು ಅಂಟಿಸಿದರೆ ಅರ್ಧ ಸುತ್ತು ಒಂದು ವಾದ್ಯಮೇಳ, ಅರ್ಧ ಸುತ್ತು ಇನ್ನೊಂದು. ಸುಟ್ಟ ಕಡೆಯಲ್ಲಿ ಕಾಲುವೆಗಳು ಕರಗಿ ಒಂದರೊಳಗೊಂದು ಸೇರುವುದರಿಂದ ಹಾಡು ಗದ್ದಲದಲ್ಲಿ ಮುಳುಗಿ, ಸ್ವಲ್ಪ ಹೊತ್ತಿಗೆ ಮತ್ತೆ ಮೇಲೇಳುತ್ತದೆ. ಮಕ್ಕಳು ಇದನ್ನು ಮನೆಯಲ್ಲಿ ಪರೀಕ್ಷಿಸಬಾರದೆಂದು ತಾಯಿತಂದೆಗಳಿಗೆ ಇಲ್ಲಿಯೇ ಹೇಳಿಬಿಡುತ್ತೇವೆ: ವಿನೈಲ್ ಸುಡುವಾಗ ಏಳುವ ಹೊಗೆಯಲ್ಲಿ ಉಸಿರಿಗೆ ಅಪಾಯಕರವಾದ ಹೈಡ್ರೋಜನ್ ಕ್ಲೋರೈಡ್ ಇರುತ್ತದೆ, ಒರಟು ತಟ್ಟೆಯಿಂದ ಮುಳ್ಳೂ ಹಾಳಾಗುತ್ತದೆ.

ಕ್ರಿಶ್ಚಿಯನ್ ಮಾರ್ಕ್ಲೇ ಎಂಬ ಕಲಾವಿದರು 1985ರಲ್ಲಿ ಇನ್ನೊಂದು ಬಗೆಯನ್ನು ತೋರಿಸಿದರು. ಇವರು ತಮ್ಮ ತಟ್ಟೆಯನ್ನು ಹೊದಿಕೆಯಿಲ್ಲದೆ ಮಾರಾಟಕ್ಕೆ ಕಳುಹಿಸಿದರು. ಕೈಯಿಂದ ಕೈಗೆ ಹೋಗುವಾಗ ಬಿದ್ದ ಧೂಳು, ತಗುಲಿದ ಗೀರು, ಇವೆಲ್ಲವೂ ಆ ಕೃತಿಯ ಭಾಗವೇ ಆದವು. ಆದಕಾರಣ ಒಬ್ಬರಲ್ಲಿರುವ ತಟ್ಟೆಯಂತೆ ಇನ್ನೊಬ್ಬರಲ್ಲಿರುವುದು ನುಡಿಯದು.

ಈ ಸಂಗೀತವನ್ನು ನಾವು, ಈ ಊರಿನಲ್ಲಿಯೇ ಉಳಿದಿರುವ ಹಳೆಯ ವಿದ್ಯಾರ್ಥಿನಿಯರು ಕೆಲವರು, ಕೂಡಿ ಕುಳಿತು ಕೇಳಿದೆವು. ನಮ್ಮೊಡನೆ ಆಲ್ಟೋ ಭಾಗವನ್ನು ಹಾಡುತ್ತಿದ್ದ ಸಹಪಾಠಿಯೊಬ್ಬಳು ಆ ದಿನ ಜೊತೆಗಿದ್ದಳು. ಕೊರಳಿನ ಶಸ್ತ್ರಚಿಕಿತ್ಸೆಯಾದ ಬಳಿಕ ಆಕೆಯ ಧ್ವನಿ ಒಡೆದುಹೋಗಿ, ಗಾನವೃಂದಕ್ಕೆ ಬರುವುದನ್ನೇ ನಿಲ್ಲಿಸಿದ್ದಳು. ಕೀರ್ತನೆ ಎತ್ತಿದೊಡನೆ ದೇವಾಲಯದ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತಿರುವಳು. ನಮ್ಮಲ್ಲಿ ಒಬ್ಬರು ಕಿವಿ ಮುಚ್ಚಿಕೊಂಡರು, ಇಬ್ಬರು ನಕ್ಕರು. ಆಕೆ ಮಾತ್ರ ಕೊನೆಯವರೆಗೂ ಆಲಿಸಿ, “ಇವರು ಬಿರುಕನ್ನು ಮುಚ್ಚಿಡಲಿಲ್ಲ ನೋಡಿರೇ, ಅದನ್ನೂ ತಾಳಕ್ಕೆ ಸೇರಿಸಿಕೊಂಡರು” ಎಂದಳು. ನಗುತ್ತಿದ್ದವರು ಸುಮ್ಮನಾದರು.

ಇದಕ್ಕೆ ಆಕ್ಷೇಪವೂ ಬಂದಿತು. ನಮ್ಮಲ್ಲಿ ಹಿರಿಯರೊಬ್ಬರು, “ಕಲಾವಿದನು ತಟ್ಟೆಯನ್ನು ತಾನಾಗಿ ಒಡೆದನು, ಈ ಮಗಳ ಧ್ವನಿಯನ್ನು ಯಾರೂ ಬೇಕೆಂದು ಒಡೆಯಲಿಲ್ಲ. ಎರಡನ್ನೂ ಸರಿದೂಗಿಸಬಹುದೆ?” ಎಂದು ಕೇಳಿದರು. ಮಾತು ನಿಜ. ಕಷ್ಟವನ್ನು ಹೊಗಳುವುದು ನಮಗೆ ಸಲ್ಲದು. ಯೆರೆಮೀಯನು ಕುಂಬಾರನ ಮನೆಯಲ್ಲಿ ಕಂಡುದು, ಕೆಟ್ಟುಹೋದ ಮಣ್ಣು ಮತ್ತೆ ಬೇರೊಂದು ಪಾತ್ರೆಯಾದುದನ್ನು. ಅದು ಹಸಿಯ ಮಣ್ಣು. ಸುಟ್ಟ ತಟ್ಟೆಯಾದರೋ ಮೊದಲಿನ ಹಾಡಿಗೆ ಎಂದೂ ಮರಳದು. ಆಕೆಯ ಆಲ್ಟೋ ಸ್ವರವೂ ಮರಳಲಿಲ್ಲ. ಆದರೂ ಮೊದಲಿನಂತೆ ಆಗದುದೆಲ್ಲ ಕಸದ ಪಾಲಾಗಬೇಕೆಂಬ ನಿಯಮವಿಲ್ಲವೆಂಬಷ್ಟನ್ನು ನಾವು ಆ ಒರಟು ಶಬ್ದಗಳಿಂದ ಕಲಿತೆವು.

ಈಗ ಆಕೆ ಭಾನುವಾರಗಳಲ್ಲಿ ಗಾನವೃಂದದ ಸಾಲಿನಲ್ಲಿಯೇ ನಿಲ್ಲುತ್ತಾಳೆ. ಚರಣ ಚರಣಗಳ ನಡುವೆ, ಒಡೆದ ಆ ಧ್ವನಿಯಿಂದಲೇ ಕೀರ್ತನೆಯ ಮುಂದಿನ ಸಾಲನ್ನು ಓದಿ ಹೇಳುತ್ತಾಳೆ. ನಾವು ಅದನ್ನು ಹಿಡಿದು ಹಾಡುತ್ತೇವೆ. ಹಳೆಯ ಗೆಳತಿಯರಲ್ಲಿ ಧ್ವನಿ ಕುಂದಿತೆಂದೋ, ಕೈ ನಡುಗುತ್ತದೆಂದೋ ಮನೆಯಲ್ಲಿಯೇ ಉಳಿದವರು ಇನ್ನೂ ಇರಬಹುದು. ಅವರೂ ಬರಲಿ. ಸಾಲಿನಲ್ಲಿ ಎಡೆ ಉಂಟು.