ರದ್ದಿಯೊಳಗಿನ ಹೆಸರುಗಳು

ರೈಲ್ವೆಯವರು ತಮ್ಮ ನೌಕರರಿಗಾಗಿ ತರುತ್ತಿದ್ದ ಹಳೆಯ ಮಾಸಪತ್ರಿಕೆಗಳನ್ನು ಹುಡುಕಿ ಕೂಡಿಡುವ ನನ್ನ ಹವ್ಯಾಸಕ್ಕೆ ಮನೆಯಲ್ಲಿ ‘ರದ್ದಿ ರೋಗ’ ಎನ್ನುತ್ತಾರೆ. ಅದರಲ್ಲೇನಿದೆ ಎನ್ನುತ್ತೀರಾ? ವರ್ಗಾವಣೆ, ನಿವೃತ್ತಿ, ಹಳಿಯ ಬಿರುಕು ಕಂಡು ಗಾಡಿ ನಿಲ್ಲಿಸಿದ ಗ್ಯಾಂಗ್‌ಮನ್‌ಗೆ ಬಹುಮಾನ. ಮಕ್ಕಳಿಂದ ಡಾಲ್‌ಹೌಸಿಯ ಹೆಸರು ಬಾಯಿಪಾಠ ಮಾಡಿಸುವ ನನಗೆ ಈ ಹೆಸರುಗಳ ಮೇಲೇ ಮಮತೆ.

ರೈಲ್ವೆ ಮಂಡಳಿಯ ‘ಇಂಡಿಯನ್ ರೈಲ್ವೇಸ್’ 1956ರಲ್ಲಿ ಶುರುವಾದದ್ದು. ದೊಡ್ಡ ಗ್ರಂಥಾಲಯಗಳಲ್ಲಿ ಸಿಕ್ಕೀತು. ವಲಯಗಳ ಪತ್ರಿಕೆಗಳದ್ದೇ ಕಷ್ಟ. ನಮ್ಮ ಹುಬ್ಬಳ್ಳಿಯನ್ನೇ ನೋಡಿ: 1951ರಲ್ಲಿ ದಕ್ಷಿಣ ರೈಲ್ವೆ, 1966ರಲ್ಲಿ ದಕ್ಷಿಣ ಮಧ್ಯ, 2003ರಲ್ಲಿ ನೈಋತ್ಯ. ಹಳೆಯ ವಲಯದ ಕಟ್ಟು ಹೊಸಬರಿಗೇಕೆ? ಹಾಗಾಗಿ ನಾನು ಅಲೆಯುವುದು ರದ್ದಿ ಅಂಗಡಿ, ನಿವೃತ್ತರ ಮನೆಯ ಅಟ್ಟ.

ಸಿಕ್ಕಿದ್ದಕ್ಕೆ ಮೊದಲ ಉಪಚಾರ, ತುಕ್ಕು ಹಿಡಿದ ಪಿನ್ನು ತೆಗೆದು ಹತ್ತಿ ದಾರದಿಂದ ಹೊಲಿಯುವುದು. ಸೆಲ್ಲೋಟೇಪ್ ಮಾತ್ರ ಬೇಡವೇ ಬೇಡ. ಅದರ ಅಂಟು ಹಳದಿಯಾಗಿ ಕಾಗದವನ್ನೇ ಕೆಡಿಸುತ್ತದೆ.

ಕಳೆದ ವರ್ಷ ಗಾರ್ಡ್ ಆಗಿದ್ದವರೊಬ್ಬರ ಮನೆಯಲ್ಲಿ ಹನ್ನೊಂದು ಸಂಚಿಕೆ ಸಿಕ್ಕವು. ಒಂದರ ಪುಟದಲ್ಲಿ ಚೌಕದ ಕಿಂಡಿ. ಯಜಮಾನರ ಫೋಟೋ ಕತ್ತರಿಸಿ ಗೋಡೆಗೆ ಕಟ್ಟು ಹಾಕಿಸಿದ್ದರು. ಆದರೆ ಅದರ ಬೆನ್ನಿಗಿದ್ದ ನಿವೃತ್ತರ ಪಟ್ಟಿಯ ನಾಲ್ಕು ಹೆಸರೂ ಜೊತೆಗೆ ಹೋಗಿದ್ದವು. ಗಂಡನನ್ನು ಕಳೆದುಕೊಂಡ ಹಿರಿಯರ ಮುಂದೆ ಕಟ್ಟು ಬಿಚ್ಚಲೇ ಎಂದು ಹೇಗೆ ಕೇಳುವುದು? ನಾನು ಗೋಡೆ ನೋಡುತ್ತ ಕೂತದ್ದು ಕಂಡು ವಿಷಯ ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ತಾವೇ ಇಳಿಸಿ ಕೊಟ್ಟರು.

“ಬಿಚ್ರಿ ಅಕ್ಕೋರ. ಅವರ ಮನ್ಯಾಗೂ ಯಾರರ ಹುಡುಕತಿರಬೇಕು.”

ನಾಲ್ಕೂ ಹೆಸರು ಬರೆದುಕೊಂಡು, ಫೋಟೋವನ್ನು ಅದೇ ಮೊಳೆಗೆ ತೂಗುಹಾಕಿ ಬಂದೆ.