ಬಂಡಿಯ ಶಬ್ದಾರ್ಥ ವಿಚಾರ

ಶಬ್ದವೊಂದು ಕಿವಿಗೆ ಬಿದ್ದೊಡನೆ ಅದರ ಅರ್ಥವನ್ನು ಹುಡುಕಹೊರಡುವುದು ವ್ಯಾಕರಣವನ್ನೋದಿದವರ ಹಳೆಯ ಚಾಳಿ. ಈ ಚಾಳಿಯು ಕಾರಿನ ವಿಷಯದಲ್ಲಿಯೂ ಉಪಯೋಗಕ್ಕೆ ಬರುವುದೆಂದು ನಮಗೆ ಈಚೆಗೆ ಅನುಭವವಾಯಿತು. ಎಸ್‌ಯುವಿ ಎಂದು ಕರೆಯಲ್ಪಡುವ ಎತ್ತರದ ಕಾರುಗಳು ಈಗ ಅನೇಕ ಸಂಸಾರಗಳಲ್ಲಿರುವುದರಿಂದಲೂ, ಅವುಗಳ ಅಡಿಯಿಂದೇಳುವ ಸದ್ದಿಗೆ ಹೆದರಿ ಬೇಕಾದುದಕ್ಕೂ ಬೇಡವಾದುದಕ್ಕೂ ಹಣ ತೆರುವವರು ಹಲವರಿರುವುದರಿಂದಲೂ, ಆ ವಿಷಯವಾಗಿ ನಾಲ್ಕು ಮಾತು ಬರೆಯುವುದು ಅನುಚಿತವಾಗಲಾರದು.

ನಮ್ಮ ಮನೆಯ ಕಾರಿಗೆ ಎಂಟು ವರ್ಷ ವಯಸ್ಸು. ಅದನ್ನು ಹೆಚ್ಚಾಗಿ ನಡೆಸುವವಳು ನಮ್ಮ ಸೊಸೆ. ಮಳೆಗಾಲ ಮುಗಿಯುವಷ್ಟರಲ್ಲಿ ಅದರ ಮುಂಭಾಗದ ಎಡಗಡೆಯಿಂದ ‘ಟಕ ಟಕ’ ಎಂಬ ಸದ್ದು ಕೇಳಿಬರಲಾರಂಭಿಸಿತು. ಮೊಮ್ಮಕ್ಕಳಿಬ್ಬರನ್ನೂ ಕರೆದುಕೊಂಡು ಚಾರ್ಮಾಡಿ ಘಾಟಿಯ ಮಾರ್ಗವಾಗಿ ಧರ್ಮಸ್ಥಳಕ್ಕೆ ಹೋಗುವುದೆಂದು ನಿಶ್ಚಯವಾಗಿದ್ದ ದಿನಕ್ಕೆ ಇನ್ನು ಹತ್ತೇ ದಿನ ಉಳಿದಿದ್ದಿತು. ಒಂದು ವರ್ಕ್‌ಷಾಪಿನವರು ಕಾರನ್ನು ಬೀದಿಯಲ್ಲೊಮ್ಮೆ ಸುತ್ತಿಸಿ, ಒಂದು ಚಕ್ರವನ್ನೂ ನೆಲದಿಂದೆತ್ತದೆ, ಮುಂದಿನ ಎರಡು ಶಾಕ್ ಅಬ್ಸಾರ್ಬರುಗಳನ್ನೂ ಬದಲಾಯಿಸತಕ್ಕದ್ದೆಂದು ಚೀಟಿ ಬರೆದುಕೊಟ್ಟರು. ಆ ಮೊತ್ತವು ನಮ್ಮ ಒಂದು ತಿಂಗಳ ಪಿಂಚಣಿಯನ್ನು ಮೀರಿದ್ದಿತು. ಹಣ ಹೋಗಲಿ, ರೋಗವನ್ನು ನೋಡದೆ ಔಷಧವನ್ನು ಬರೆಯುವ ಈ ಕ್ರಮವು ನಮಗೆ ಒಪ್ಪಿಗೆಯಾಗಲಿಲ್ಲ.

ಅನುಕರಣ ಶಬ್ದಗಳಲ್ಲಿ ನಮ್ಮ ಕನ್ನಡವು ಬಹು ಸಂಪನ್ನವಾದ ಭಾಷೆ. ಬಲ್ಲ ಮೆಕ್ಯಾನಿಕ್ಕನಿಗೆ ಸರಿಯಾದ ಅನುಕರಣವನ್ನು ಹೇಳಿದರೆ ಅವನ ಕೆಲಸ ಅರ್ಧ ಮುಗಿದಂತೆ. ಸಣ್ಣ ಕಲ್ಲುಗಳ ಮೇಲೆ ಟಕಟಕವೆಂದರೆ ಯಾವುದೋ ಕೀಲು ಸಡಿಲವಾಗಿದೆ. ನಿಧಾನವಾಗಿ ಉಬ್ಬನ್ನೇರುವಾಗ ಕಿರ್ರೆಂದರೆ ರಬ್ಬರಿನ ಬುಷ್ ಒಣಗಿದೆ ಅಥವಾ ಹರಿದಿದೆ. ಅದರ ಮೇಲೆ ನೀರು ಚಿಮುಕಿಸಿದಾಗ ಸದ್ದು ಸ್ವಲ್ಪ ಹೊತ್ತು ನಿಂತರೆ ಸಂಶಯವು ದೃಢವಾಗುವುದು. ಆದರೆ ಎಂಜಿನ್ ಎಣ್ಣೆಯನ್ನೋ ಗ್ರೀಸನ್ನೋ ಬಳಿಯಕೂಡದು, ರಬ್ಬರು ಉಬ್ಬಿ ಕೆಡುವುದು. ನಿಂತಲ್ಲಿಯೇ ಸ್ಟೀರಿಂಗ್ ತಿರುಗಿಸಿದಾಗ ಸ್ಪ್ರಿಂಗು ‘ಟಂಯ್’ ಎಂದು ಮಿಡಿದರೆ ಅದರ ತಲೆಯ ಮೇಲಿನ ಬೇರಿಂಗನ್ನು ನೋಡಬೇಕು. ಶಾಕ್ ಅಬ್ಸಾರ್ಬರು ಕೆಟ್ಟಿದ್ದರೆ ಸಾಮಾನ್ಯವಾಗಿ ಅದರ ಮೈಮೇಲೆ ಎಣ್ಣೆ ಜಿನುಗಿರುವುದು, ಇಲ್ಲವೆ ಉಬ್ಬು ದಾಟಿದ ಮೇಲೆಯೂ ಕಾರು ತೊಟ್ಟಿಲಿನಂತೆ ತೂಗುತ್ತಿರುವುದು. ನಮ್ಮದರಲ್ಲಿ ಇವೆರಡೂ ಇರಲಿಲ್ಲ.

ಇನ್ನು ಪರೀಕ್ಷೆಯ ಕ್ರಮ. ಹೊಗೆಯಿದ್ದಲ್ಲಿ ಬೆಂಕಿಯುಂಟು, ಅಡಿಗೆಮನೆಯಲ್ಲಿರುವಂತೆ. ಬೆಂಕಿಯಿಲ್ಲದಲ್ಲಿ ಹೊಗೆಯಿಲ್ಲ, ಮಡುವಿನಲ್ಲಿರುವಂತೆ ಎಂದು ತರ್ಕಶಾಸ್ತ್ರದ ಬಾಲಪಾಠದಲ್ಲಿಯೇ ಹೇಳಿಕೊಡುವರು. ಈ ಅನ್ವಯ-ವ್ಯತಿರೇಕಗಳೆರಡೂ ಇಲ್ಲಿಯೂ ಸಾಕು. ಮೊದಲು ಹಿಂಬದಿಯಲ್ಲಿದ್ದ ಜ್ಯಾಕು, ಪಾನೆಗಳನ್ನೂ ಮಕ್ಕಳು ಬಚ್ಚಿಟ್ಟಿದ್ದ ಎರಡು ಕ್ರಿಕೆಟ್ ಚೆಂಡುಗಳನ್ನೂ ಹೊರಗಿಟ್ಟೆವು. ಸದ್ದು ನಿಲ್ಲಲಿಲ್ಲ. ಸದ್ದಾಗುತ್ತಿರುವಾಗಲೇ ಬ್ರೇಕನ್ನು ಮೆಲ್ಲಗೆ ತುಳಿಯುವಂತೆ ಸೊಸೆಗೆ ಹೇಳಿದೆವು. ಆಗಲೂ ನಿಲ್ಲದಿದ್ದುದರಿಂದ ಬ್ರೇಕಿನ ಪ್ಯಾಡುಗಳ ಮೇಲಿನ ಸಂಶಯವು ಹೋಯಿತು. ಮುಖ್ಯವಾದುದನ್ನು ಕಂಡುಹಿಡಿದವಳು ಅವಳೇ. “ಮಾವ, ಹಂಪನ್ನು ಎರಡು ಚಕ್ರಾನೂ ಒಟ್ಟಿಗೆ ಹತ್ತಿದರೆ ಸದ್ದೇ ಇಲ್ಲ. ಒಂದು ಚಕ್ರ ಮಾತ್ರ ಗುಂಡಿಗೆ ಇಳಿದರೆ ಬರುತ್ತೆ” ಎಂದಳು.

ಇದರ ಕಾರಣವನ್ನು ಸ್ವಲ್ಪ ವಿವರಿಸಬೇಕು. ಮುಂದಿನ ಎರಡು ಚಕ್ರಗಳ ನಡುವೆ ಅಡ್ಡಲಾಗಿ ಒಂದು ಉಕ್ಕಿನ ಸರಳಿರುವುದು. ತಿರುವಿನಲ್ಲಿ ಕಾರು ಒಂದು ಪಕ್ಕಕ್ಕೆ ವಾಲದಂತೆ ತಡೆಯುವುದು ಅದರ ಕೆಲಸ. ಎತ್ತರದ ಕಾರುಗಳಿಗೆ ಇದು ಬಹಳ ಅವಶ್ಯಕ. ಅದರ ಎರಡು ತುದಿಗಳನ್ನೂ ಲಿಂಕ್ ರಾಡ್ ಎಂಬ ಗೇಣುದ್ದದ ಕಡ್ಡಿಗಳು ಚಕ್ರಗಳ ಕಡೆಗೆ ಜೋಡಿಸುವುವು. ಎರಡು ಚಕ್ರಗಳೂ ಒಟ್ಟಿಗೆ ಎದ್ದರೆ ಸರಳು ತಿರುಚಿಕೊಳ್ಳುವುದಿಲ್ಲವಾಗಿ ಕಡ್ಡಿಗೆ ಹೆಚ್ಚು ಭಾರ ಬೀಳದು. ಒಂದೇ ಚಕ್ರ ಎದ್ದರೆ ಮಾತ್ರ ಸರಳು ತಿರುಚುವುದು, ಸವೆದ ಕೀಲು ಕೂಗುವುದು. (ಸ್ಪ್ರಿಂಗನ್ನೂ ಶಾಕ್ ಅಬ್ಸಾರ್ಬರನ್ನೂ ಒಂದೇ ಕಂಬವಾಗಿ ಕೂಡಿಸಿದ, ಈಗ ಬಹು ಸಾಮಾನ್ಯವಾಗಿರುವ ರಚನೆಗೆ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರರ ಹೆಸರಿದೆ. ಇಂಗ್ಲೆಂಡಿನ ಫೋರ್ಡ್ ಕಂಪೆನಿಯು 1950ರಲ್ಲಿ ಪ್ರದರ್ಶಿಸಿದ ಕನ್ಸಲ್ ಮತ್ತು ಝೆಫಿರ್ ಕಾರುಗಳಲ್ಲಿ ಈ ರಚನೆಯಿದ್ದಿತು.)

ನಮ್ಮೂರಿನ ವೃದ್ಧ ಮೆಕ್ಯಾನಿಕ್ಕರೊಬ್ಬರಿಗೆ ಇಷ್ಟನ್ನು ತಿಳಿಸಿದೆವು. ಅವರು ಲಿಂಕ್ ರಾಡುಗಳೆರಡನ್ನೂ ಕಳಚಿ, ಅದೇ ಬೀದಿಯಲ್ಲಿ ಬಹು ನಿಧಾನವಾಗಿ ಒಮ್ಮೆ ಹೋಗಿಬಂದರು. ಸದ್ದು ಸಂಪೂರ್ಣವಾಗಿ ಅಡಗಿದ್ದಿತು. ಇದಕ್ಕಿಂತ ಚೊಕ್ಕವಾದ ವ್ಯತಿರೇಕವನ್ನು ನಾವು ಪಾಠಶಾಲೆಯಲ್ಲಿಯೂ ಕಂಡುದಿಲ್ಲ. ಹೊಸ ಕಡ್ಡಿಗಳ ಜೊತೆಗೆ ತಗುಲಿದ ವೆಚ್ಚವು ಆ ಚೀಟಿಯ ಮೊತ್ತದ ಹತ್ತರಲ್ಲೊಂದು ಭಾಗವೂ ಆಗಲಿಲ್ಲ.

ಆದರೆ ಆ ಹಿರಿಯರು ಅಷ್ಟಕ್ಕೇ ಬಿಡಲಿಲ್ಲ. ಕಾರನ್ನು ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ (ಜ್ಯಾಕೊಂದನ್ನೇ ನಂಬಿ ಯಾರೂ ಅಡಿಗೆ ಹೋಗಕೂಡದು) ಬಲಗಡೆಯ ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲುಗಿಸಿದರು. ಅದು ತುಸು ಆಡಿತು. ಬ್ರೇಕನ್ನು ಒತ್ತಿ ಹಿಡಿಸಿದರೂ ಆ ಆಟ ನಿಲ್ಲಲಿಲ್ಲವಾದುದರಿಂದ ಚಕ್ರದ ಬೇರಿಂಗಲ್ಲವೆಂದಾಯಿತು. ಸವೆದಿದ್ದುದು ಕೆಳಗಿನ ಬಾಲ್ ಜಾಯಿಂಟ್. “ಮೇಷ್ಟ್ರೇ, ಸದ್ದು ಮಾಡಿದ್ದು ಎಡಗಡೇದು. ಇದು ಸುಮ್ಮನಿದೆ. ಆದರೆ ಇದನ್ನ ಹೀಗೇ ಇಟ್ಕೊಂಡು ಘಾಟಿ ಇಳೀಬೇಡಿ” ಎಂದರು. ಲಿಂಕ್ ರಾಡ್ ತುಂಡಾದರೆ ಕಾರು ಹೆಚ್ಚು ವಾಲುವುದು. ಬಾಲ್ ಜಾಯಿಂಟ್ ಕಳಚಿದರೆ ಚಕ್ರವೇ ಹೊರಕ್ಕೆ ಮಡಿಚಿಕೊಂಡು ಸ್ಟೀರಿಂಗು ಕೈಗೆ ಸಿಕ್ಕದಾಗುವುದು.

ನಮ್ಮ ಕಾರಿನಲ್ಲಿ ಈ ಕೀಲು ಲೋಯರ್ ಆರ್ಮಿನೊಡನೆ ಒಂದಾಗಿಯೇ ಬರುವುದಾಗಿ ಇಡೀ ತೋಳನ್ನೇ ತರಿಸಬೇಕಾಯಿತು. ಅದು ಬರಲು ವಾರ ಬೇಕೆಂದರು. ಸದ್ದು ನಿಂತಿದೆಯಲ್ಲ, ಹೋಗಿಬಂದು ಹಾಕಿಸೋಣವೆಂದು ಮಗನು ವಾದಿಸಿದನು. ಪೂಜೆಗೆ ಹೊತ್ತು ಗೊತ್ತಾಗಿದೆಯೆಂದು ಮನೆಯವರೂ ಅವನ ಪಕ್ಷವನ್ನೇ ವಹಿಸಿದರು. ನಾವು ಕೀಲಿಕೈಯನ್ನು ತೆಗೆದು ನಮ್ಮ ಪೆಟ್ಟಿಗೆಯಲ್ಲಿಟ್ಟೆವು. ಎರಡು ದಿನ ಮನೆಯಲ್ಲಿ ಮಾತು ಕಡಿಮೆಯಾಗಿದ್ದಿತು.

ಹೊಸ ತೋಳನ್ನು ಕೂಡಿಸುವಾಗ ಆ ವೃದ್ಧರು ಬುಷ್‌ಗಳ ಬೋಲ್ಟುಗಳನ್ನು ಮೊದಲು ಸಡಿಲವಾಗಿಯೇ ಬಿಟ್ಟು, ಕಾರಿನ ಭಾರವು ಚಕ್ರಗಳ ಮೇಲೆ ಬಿದ್ದ ನಂತರ ಬಿಗಿದರು. ಚಕ್ರವು ತೂಗಾಡುತ್ತಿರುವಾಗಲೇ ಬಿಗಿದರೆ ರಬ್ಬರು ಸದಾ ತಿರುಚಿಕೊಂಡಿದ್ದು ಬೇಗನೆ ಹರಿಯುವುದಂತೆ. ಬೇರೆಡೆ ಮಾಡಿಸುವವರು ಇದೊಂದನ್ನು ಕೇಳಿ ತಿಳಿದುಕೊಳ್ಳಬಹುದು. ಬಳಿಕ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿ, ಒಂದು ವಾರ ತಡವಾಗಿ ಹೊರಟೆವು. ಕೊಟ್ಟಿಗೆಹಾರದಿಂದ ಕೆಳಗೆ ತಿರುವುಗಳುದ್ದಕ್ಕೂ ಮಕ್ಕಳು ನಿದ್ರಿಸಿದರು. ಮಗನಿಗೆ ಮತ್ತೆ ರಜೆ ದೊರೆಯದುದರಿಂದ ಅವನು ಬರಲಾಗಲಿಲ್ಲ.